ಕಿವಿಗೆ ಮತ್ತೊಮ್ಮೆ ಅಕ್ಷರಾಭ್ಯಾಸ

ಕಿವುಡರಿಗೆ ಶಸ್ತ್ರಕ್ರಿಯೆ ಮಾಡಿ ಕಿವಿಯೊಳಗೆ ಒಂದು ಯಂತ್ರವನ್ನು ಕೂಡಿಸುತ್ತಾರೆ, ಅದರಿಂದ ಅವರಿಗೆ ಕೇಳಿಸತೊಡಗುತ್ತದೆ ಎಂಬುದನ್ನು ವಾಚಕರಲ್ಲಿ ಅನೇಕರು ಪತ್ರಿಕೆಗಳಲ್ಲಿ ಓದಿರಬಹುದು. ನಾನೂ ಅಷ್ಟನ್ನೇ ಓದಿದ್ದೆ. ಆದರೆ ಮಹಾಂತೇಶ ನಗರದ ನಮ್ಮ ಮನೆಗೆ ಆ ಯಂತ್ರ ಬಂದ ಮೇಲೆ, ಕೇಳಿಸುವುದು ಬೇರೆ, ತಿಳಿಯುವುದು ಬೇರೆ ಎಂಬುದು ನನಗೆ ಮನವರಿಕೆಯಾಯಿತು. ನಾನು ಕಲಾ ವಿಭಾಗದವನು. ವಿಜ್ಞಾನದ ಮಾತಿನಲ್ಲಿ ಎಲ್ಲಿಯಾದರೂ ಎಡವಿದ್ದರೆ ಬಲ್ಲವರು ತಿದ್ದಬೇಕು.

ನನ್ನ ಕಾಕಾ ಅವರಿಗೆ ನಡುವಯಸ್ಸಿನಲ್ಲಿ ಎರಡೂ ಕಿವಿಗಳು ಹೋದವು. ಮೊದಲು ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟರು. ಆಮೇಲೆ ಮನೆಯಲ್ಲಿ ಮಾತನ್ನೇ ಬಿಟ್ಟರು. ಪರಊರಿನಲ್ಲಿ ಶಸ್ತ್ರಕ್ರಿಯೆಯಾಗಿ, ಕೆಲವು ವಾರಗಳ ಮೇಲೆ ಯಂತ್ರವನ್ನು ಚಾಲೂ ಮಾಡಿದ ದಿನ ನಾವೆಲ್ಲರೂ ಸುತ್ತ ನೆರೆದು ಒಟ್ಟಿಗೆ ಮಾತನಾಡಿದೆವು. ಕಾಕಾ ಕಣ್ಣು ಕಿರಿದು ಮಾಡಿ, "ಏನೋ ತಮ್ಮಾ, ಎಲ್ಲಾರೂ ತಗಡಿನ ಡಬ್ಬ್ಯಾಗ ಗುಬ್ಬಿ ಒದರಿದಂಗ ಒದರಾಕತ್ತೀರಿ" ಎಂದರು. ತಿಂಗಳು ಕಳೆಯುವಷ್ಟರಲ್ಲಿ ಯಂತ್ರ ಕಪಾಟಿನೊಳಗೆ ಸೇರಿತು. ಅದಕ್ಕಾಗಿ ತೆಗೆದ ಸಾಲ ಮಾತ್ರ ಹೊರಗೇ ಇತ್ತು.

ಹೀಗಾಗಲು ಕಾರಣವಿದೆ. ನಮ್ಮ ಒಳಗಿವಿಯಲ್ಲಿ ಶಂಖದಾಕಾರದ ಒಂದು ನಾಳವಿದ್ದು, ಅದರಲ್ಲಿ ಸುಮಾರು 3,500 ಸೂಕ್ಷ್ಮ ಕೋಶಗಳು ಶಬ್ದವನ್ನು ನರಕ್ಕೆ ಒಪ್ಪಿಸುತ್ತವೆ. ಕಾಕ್ಲಿಯರ್ ಇಂಪ್ಲಾಂಟ್ ಎಂಬ ಈ ಯಂತ್ರವು ಅವುಗಳ ಕೆಲಸವನ್ನು 12ರಿಂದ 22 ವಿದ್ಯುದ್ವಾರಗಳಿಂದ ಮಾಡಿಸುತ್ತದೆ. ಕಿವಿಯ ಹಿಂದಿನ ಮೈಕು ಶಬ್ದವನ್ನು ಹಿಡಿಯುತ್ತದೆ, ಚರ್ಮದೊಳಗಿನ ಭಾಗವು ಅದನ್ನು ವಿದ್ಯುತ್ತಿನ ಮಿಡಿತವಾಗಿ ನರಕ್ಕೆ ಮುಟ್ಟಿಸುತ್ತದೆ. ಇಷ್ಟು ಬಡ ಸಾಮಗ್ರಿಯಿಂದ ಮಾತು ತಿಳಿಯುವುದುಂಟೆ? ಉಂಟು. 1995ರಲ್ಲಿ ರಾಬರ್ಟ್ ಶಾನನ್ ಮತ್ತು ಸಂಗಡಿಗರು ಮಾತಿನ ಧ್ವನಿಯನ್ನು ಕೇವಲ ನಾಲ್ಕು ಪಟ್ಟಿಗಳ ಗದ್ದಲವಾಗಿ ಮಾರ್ಪಡಿಸಿ ಕಿವಿ ಸರಿಯಿದ್ದವರಿಗೆ ಕೇಳಿಸಿದಾಗ, ಸ್ವಲ್ಪ ಅಭ್ಯಾಸದ ಮೇಲೆ ಅವರು ಅದನ್ನು ಬಹುಮಟ್ಟಿಗೆ ಅರ್ಥಮಾಡಿಕೊಂಡರು. ಯಂತ್ರ ಕೊಡುವುದು ಅಕ್ಷರ, ಓದಬೇಕಾದದ್ದು ಮಿದುಳು.

ಆದರೆ ಓದಿಸುವವರಾರು? 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ದೊಡ್ಡ ಸಂಸ್ಥೆ ನಮಗೆ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರ. ಆದ್ದರಿಂದ ಪಾಠವನ್ನು ಮನೆಯಲ್ಲಿಯೇ ಹೂಡಿದೆವು.

ಮೊದಲು, ಗೊತ್ತಿದ್ದದ್ದನ್ನೇ ಕೇಳುವುದು. ಕಾಕಾ ಅವರಿಗೆ ಬಾಯಿಪಾಠವಾಗಿದ್ದ ಬಸವಣ್ಣನವರ ವಚನಗಳನ್ನು ಕಾಕೂ ಓದುವರು. ಕಾಕಾ ಪುಸ್ತಕದ ಸಾಲಿನ ಮೇಲೆ ಬೆರಳಾಡಿಸುವರು. ಕಾಕೂ ಥಟ್ಟನೆ ನಿಂತಾಗ ಕೊನೆಯ ಶಬ್ದದ ಮೇಲೆ ಬೆರಳಿಡಬೇಕು. ತುಟಿ ಕಾಣಬಾರದೆಂದು ಕಾಕೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಅದರಿಂದ ದನಿಯೇ ಮುಚ್ಚಿಹೋಯಿತು. ಆಮೇಲೆ ಪಕ್ಕದಲ್ಲಿ ಕುಳಿತು ಓದಿದರು. ಅದೇ ಸರಿಯಾದ ಕ್ರಮವೆಂದು ನಂತರ ತಿಳಿಯಿತು.

ಬಳಿಕ ಜೋಡಿ ಶಬ್ದಗಳು. "ಕರು", "ಕಾರು" ಬೇಗ ಬಂದವು, ಏಕೆಂದರೆ ಕಾಲದ ಅಳತೆಯನ್ನು ಯಂತ್ರ ಚೆನ್ನಾಗಿ ಮುಟ್ಟಿಸುತ್ತದೆ. ಹ್ರಸ್ವ ದೀರ್ಘಗಳಿರುವ ನಮ್ಮ ಭಾಷೆಗೆ ಇದೊಂದು ಭಾಗ್ಯವೆನ್ನಬೇಕು. "ಬೆಲೆ", "ಬೆಳೆ", "ಮನೆ", "ಮಣೆ" ಮಾತ್ರ ಇಂದಿಗೂ ಕಾಡುತ್ತವೆ. ಆದರೆ "ಈ ವರ್ಷ ಜೋಳದ ಬೆಳೆ ಚಲೋ ಬಂದೈತಿ" ಎಂದರೆ ತೊಡಕಿಲ್ಲ. ವಾಕ್ಯವೇ ಕೈಹಿಡಿದು ನಡೆಸುತ್ತದೆ. ಬರಿಯ ಶಬ್ದಗಳಲ್ಲಿ ಸೋತವರು ಧೈರ್ಯಗೆಡಬಾರದೆಂಬುದನ್ನು ನಾವು ಇಲ್ಲಿ ಕಂಡೆವು.

ಮಧ್ಯಾಹ್ನ ಕಾಕಾ ಒಬ್ಬರೇ ಇರುವಾಗಿನ ಪಾಠ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು. ಕಾಕೂ ಮೊಬೈಲಿನಲ್ಲಿ ಹತ್ತು ವಾಕ್ಯಗಳನ್ನು ಧ್ವನಿಮುದ್ರಿಸಿ, ಅವುಗಳನ್ನು ಒಂದು ಚೀಟಿಯಲ್ಲಿ ಬರೆದು ಮಡಿಚಿಟ್ಟು ಹೋಗುತ್ತಾರೆ. ಕಾಕಾ ಕೇಳಿ ಬರೆದು, ಚೀಟಿ ಬಿಚ್ಚಿ, ತಾವೇ ತಿದ್ದಿ, ತಪ್ಪಿದ್ದನ್ನು ಚೀಟಿ ನೋಡುತ್ತ ಮತ್ತೆ ಕೇಳುತ್ತಾರೆ. ತಪ್ಪುಗಳಿಗೆ ಬೇರೊಂದು ವಹಿ. ಯಂತ್ರದ ಮಟ್ಟವನ್ನು ಹೊಂದಿಸುವ ಶ್ರವಣತಜ್ಞರಿಗೆ "ಸರಿಯಾಗಿ ಕೇಳಿಸೂದಿಲ್ರೀ" ಎನ್ನುವುದಕ್ಕಿಂತ, "ಸ ಮತ್ತು ಶ ಒಂದೇ ಆಗ್ತಾವ್ರೀ" ಎಂದು ವಹಿ ತೋರಿಸುವುದು ಹೆಚ್ಚು ಉಪಯುಕ್ತ. ಇಪ್ಪತ್ತು ಮೂವತ್ತು ನಿಮಿಷಕ್ಕಿಂತ ಹೆಚ್ಚು ಒಮ್ಮೆಲೆ ಮಾಡುವುದಿಲ್ಲ. ಕೇಳುವುದರಿಂದಲೂ ಮೈ ದಣಿಯುತ್ತದೆಂದು ನಾನು ತಿಳಿದದ್ದು ಅವರ ಮುಖ ನೋಡಿಯೇ.

ವಾರ್ತೆಗಳಿಗೂ ಇದೇ ಉಪಾಯ: ಮುಂಜಾನೆ ಪತ್ರಿಕೆ ಓದಿ, ನಂತರ ಆಕಾಶವಾಣಿ. ವಿಷಯ ಮೊದಲೇ ಗೊತ್ತಿರುವುದರಿಂದ ಊರು, ಹೆಸರುಗಳು ತಾವಾಗಿ ಎದ್ದು ಬರುತ್ತವೆ. ಗದ್ದಲದ ಪಾಠ ಕೊನೆಗೆ; ಮೊದಲು ಫ್ಯಾನಿನ ಸದ್ದು, ಆಮೇಲೆ ನಲ್ಲಿಯ ನೀರು. ರವಿವಾರ ಪೇಟೆಗೆ ಅವಸರದಿಂದ ಕರೆದೊಯ್ದದ್ದು ನನ್ನ ತಪ್ಪು. ಅಂದು ಕಾಕಾ ಯಂತ್ರ ಕಿತ್ತು ಜೇಬಿಗಿಟ್ಟುಕೊಂಡು ಮನೆಗೆ ಬಂದರು.

ಸಂಗೀತದ ಮಾತು ಬೇರೆ. ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರೆಂದರೆ ಕಾಕಾ ಅವರಿಗೆ ಪ್ರಾಣ. ಇಷ್ಟೇ ವಿದ್ಯುದ್ವಾರಗಳಿಂದ ಸ್ವರದ ಏರಿಳಿತ ಸರಿಯಾಗಿ ಮೂಡದು. ತಾಳ ಸಿಗುತ್ತದೆ, ರಾಗ ಸಿಗುವುದಿಲ್ಲ. ಒಂದು ಸಂಜೆ ಅವರು ಹಳೆಯ ಧ್ವನಿಮುದ್ರಿಕೆ ಹಚ್ಚಿ, ತಬಲೆಯ ಪೆಟ್ಟನ್ನು ತೊಡೆಯ ಮೇಲೆ ಎಣಿಸುತ್ತ ಕುಳಿತಿದ್ದರು. ನಾನು ಮಾತನಾಡಿಸಲಿಲ್ಲ.

ಈಗ ದಿನಾಲು ಕಾಲೇಜಿನಿಂದ ನಾನು ಫೋನು ಮಾಡಿ, ತರಬೇಕಾದ ಕಾಯಿಪಲ್ಲೆ ಕೇಳುತ್ತೇನೆ. ಅವರು ಹೇಳಿದ್ದನ್ನು ನಾನು ತಿರುಗಿ ಹೇಳುತ್ತೇನೆ, ಅವರು ಹೌದು ಅಲ್ಲ ಎನ್ನಬೇಕು. ನನ್ನ ದನಿ, ಕಾಕೂ ಅವರ ದನಿ ತಿಳಿಯುತ್ತವೆ. ಅಪರಿಚಿತರದು ಇನ್ನೂ ಇಲ್ಲ. ನಿನ್ನೆ ಬೇಕೆಂದೇ ಬದನೆಕಾಯಿಗೆ ಬದಲು ಬೆಂಡೆಕಾಯಿ ಎಂದೆ. "ಚ್ಯಾಷ್ಟಿ ಸಾಕು, ಲಗೂನ ಮನಿಗೆ ಬಾ" ಎಂದು ಬೈದು ಫೋನು ಇಟ್ಟರು.