ಡಬ್ಬಿ ಪುಡಿ ಬೇಕೋ? ಮಾತ್ರೆ ಬೇಕೋ?

ಸಿ.ಎಸ್. ಪುರದ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಹಗಲೆಲ್ಲ ಅಡಿಕೆ ಸುಲಿಯುವ ಕೆಲಸ. ಸಂಜೆ ಪಾಠ. ಒಂದು ದಿನ ಪಾಠದ ಹೊತ್ತಿನಲ್ಲಿ ಆಕೆ ಗೋಡೆಗೆ ಒರಗಿ ಕೂತುಬಿಟ್ಟರು.

"ಕಣ್ಣು ಕತ್ತಲೆ ಬಂದಂಗೆ ಆಗ್ತದೆ ಮೇಡಂ. ಎದ್ರೆ ತಲೆ ತಿರುಗ್ತದೆ. ನಾಕು ಮೆಟ್ಟಿಲು ಹತ್ತಿದ್ರೆ ಏದುಸಿರು" ಎಂದರು.

"ಏನಾದ್ರೂ ಔಷಧಿ ತಗೊಂಡ್ರಾ?" ಎಂದು ಕೇಳಿದೆವು.

ಮಾರನೆಯ ದಿನ ಆಕೆ ಚೀಲದಲ್ಲಿ ಒಂದು ಡಬ್ಬಿ ತಂದರು. ಬಣ್ಣದ ಡಬ್ಬಿ. ಮೇಲೆ ನಗುವ ಹೆಂಗಸಿನ ಚಿತ್ರ. ಮನೆ ಬಾಗಿಲಿಗೆ ಬಂದವರು ಮಾರಿದ್ದು. ಗೃಹಲಕ್ಷ್ಮಿಯ 2000 ರೂಪಾಯಿಯಲ್ಲಿ 1200 ರೂಪಾಯಿ ಅದಕ್ಕೇ ಹೋಗಿತ್ತು. "ಹಾಲಿಗೆ ಹಾಕ್ಕೊಂಡು ಕುಡೀರಿ, ರಕ್ತ ಆಗ್ತದೆ, ಶಕ್ತಿ ಬರ್ತದೆ ಅಂದ್ರು" ಎಂದರು. ಕುಡಿದು ಒಂದು ತಿಂಗಳಾಗಿತ್ತು. ಶಕ್ತಿ ಬಂದಿರಲಿಲ್ಲ.

ಆ ದಿನ ನಾವು ಪುಸ್ತಕ ಮುಚ್ಚಿದೆವು. ಡಬ್ಬಿಯನ್ನೇ ಓದಿದೆವು.

ಅಕ್ಷರ ಇಂಗ್ಲಿಷಿನದು. ಅದನ್ನು ನಾವು ಓದಿ ಹೇಳಿದೆವು. ಅಂಕಿಗಳನ್ನು ಅಕ್ಕಂದಿರೇ ಓದಿದರು. ಡಬ್ಬಿಯಲ್ಲಿ ಯಾವ ವಸ್ತು ಹೆಚ್ಚು ಇದೆಯೋ ಅದರ ಹೆಸರನ್ನೇ ಮೊದಲು ಬರೆಯಬೇಕು. ಅದು ನಿಯಮ. ಈ ಡಬ್ಬಿಯಲ್ಲಿ ಮೊದಲನೆಯದು ಗೋಧಿ. ಎರಡನೆಯದು ಸಕ್ಕರೆ. 100 ಗ್ರಾಂ ಪುಡಿಯಲ್ಲಿ ಸಕ್ಕರೆಯೇ 32 ಗ್ರಾಂ.

"ಅಯ್ಯೋ! ಆ ದುಡ್ಡಿಗೆ ಅರ್ಧ ಮೂಟೆ ಸಕ್ಕರೆ ಬರ್ತಿತ್ತಲ್ರೀ!" ಎಂದರು ಹಿಂದೆ ಕೂತಿದ್ದ ಅಜ್ಜಿ. ಎಲ್ಲರೂ ನಕ್ಕರು. ಡಬ್ಬಿಯ ಅಕ್ಕ ಮಾತ್ರ ನಗಲಿಲ್ಲ.

ಡಬ್ಬಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. "ಔಷಧಿಯಾಗಿ ಬಳಸಲು ಅಲ್ಲ." ಪೋಷಣೆಗೆಂದು ಮಾರುವ ಪೂರಕ ಪುಡಿ, ಮಾತ್ರೆಗಳ ಮೇಲೆ ಹೀಗೆ ಬರೆಯಲೇಬೇಕು. 2016ರಲ್ಲಿ ಬಂದ ನಿಯಮ ಅದು. ಮಾರುವವರು ಬಾಯಲ್ಲಿ ಔಷಧಿ ಅಂದರು. ಡಬ್ಬಿಯೇ ಅಲ್ಲ ಅನ್ನುತ್ತಿತ್ತು.

ಮಕ್ಕಳಿಗೆ ಹಾಲಿಗೆ ಬೆರೆಸುವ ಪುಡಿಗಳ ಕತೆಯೂ ಹೀಗೇ ಇದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ ಮೊಬೈಲಿನಲ್ಲಿ ವ್ಯಾಪಾರ ಮಾಡುವ ಕಂಪನಿಗಳಿಗೆ ಒಂದು ಮಾತು ಹೇಳಿತು. ಬೋರ್ನ್‌ವೀಟಾದಂಥ ಪುಡಿಗಳನ್ನು ‘ಆರೋಗ್ಯ ಪೇಯ’ ಎಂಬ ಹೆಸರಿನಲ್ಲಿ ಮಾರಬೇಡಿ ಎಂದಿತು. ಕುಡಿಯಬಾರದು ಎಂದಲ್ಲ. ರುಚಿಗೆ ಬೇಕಾದವರು ಕುಡಿಯಲಿ. ಆದರೆ ಅದನ್ನು ಆರೋಗ್ಯ ಅಂತ ಕರೆಯಬಾರದು.

ಹಾಗಾದರೆ ಆ ಅಕ್ಕನ ತಲೆಸುತ್ತಿಗೆ ಏನು ಕಾರಣ? ನಾವು ಊಹೆ ಮಾಡಬಾರದು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದರು. ಚೀಟಿಯಲ್ಲಿ 8.6 ಎಂದು ಬರೆದರು.

ಈ ಅಂಕಿ ಏನು? ನಮ್ಮ ರಕ್ತದ ಕೆಂಪಿಗೆ ಹಿಮೋಗ್ಲೋಬಿನ್ ಎಂದು ಹೆಸರು. ನಾವು ಎಳೆದ ಉಸಿರಿನ ಗಾಳಿಯನ್ನು ಮೈಯೆಲ್ಲ ಹೊತ್ತು ತಿರುಗುವುದು ಅದೇ. ಗಾಡಿ ಕಡಿಮೆಯಾದರೆ ಹೊರೆ ಸಾಗುವುದಿಲ್ಲ. ಆಗ ಸುಸ್ತು, ಏದುಸಿರು, ತಲೆಸುತ್ತು. ಹೆಂಗಸರಿಗೆ ಇದು 12 ಇರಬೇಕು. ಬಸುರಿಯರಿಗೆ 11ಕ್ಕೆ ಕಡಿಮೆ ಇರಬಾರದು. 7ಕ್ಕಿಂತ ಕೆಳಗೆ ಹೋದರೆ ಮನೆಯಲ್ಲಿ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಇದು ಒಬ್ಬರ ಕಷ್ಟ ಅಲ್ಲ. 2019ರಿಂದ 2021ರವರೆಗೆ ಸರ್ಕಾರ ಮನೆ ಮನೆಯ ಆರೋಗ್ಯದ ಲೆಕ್ಕ ಮಾಡಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ ಇತ್ತು. ನಮ್ಮ ಕೇಂದ್ರದಲ್ಲಿ 20 ಜನ ಕೂತಿದ್ದೇವೆ ಅನ್ನಿ. ಅದರಲ್ಲಿ ಎಷ್ಟು ಜನ ಆಯಿತು? ನೀವೇ ಲೆಕ್ಕ ಹಾಕಿ.

ತಿಂಗಳ ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಹೆರಿಗೆಯಲ್ಲಿ ಹೋಗುತ್ತದೆ. ಬರಿಗಾಲಲ್ಲಿ ಹೊಲಕ್ಕೆ ಹೋದರೆ ಕೊಕ್ಕೆ ಹುಳು ಅಂಗಾಲಿನಿಂದ ಒಳಗೆ ಸೇರುತ್ತದೆ. ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಇನ್ನೊಂದು ಕಾರಣ ನಮ್ಮ ಮನೆಗಳಲ್ಲೇ ಇದೆ. ಗಂಡಸರು, ಮಕ್ಕಳು ಉಂಡ ಮೇಲೆ ನಾವು ಉಣ್ಣುತ್ತೇವೆ. ಆಗ ಪಾತ್ರೆಯಲ್ಲಿ ಸಾರಿನ ನೀರಿರುತ್ತದೆ, ಕಾಳು ಇರುವುದಿಲ್ಲ.

ಹೊಸ ರಕ್ತ ಆಗಬೇಕಾದರೆ ಕಬ್ಬಿಣದ ಅಂಶ ಬೇಕು. "ಕುಡುಗೋಲು ಮಾಡೋ ಕಬ್ಬಿಣವಾ?" ಎಂದು ಒಬ್ಬರು ಕೇಳಿದರು. ಹೌದು, ಅದೇ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣದು. ಆ ಡಬ್ಬಿಯ ಎರಡು ಚಮಚ ಪುಡಿಯಲ್ಲಿ ಅದು 5 ಮಿಲಿಗ್ರಾಂ ಇತ್ತು. ಆಶಾ ಅಕ್ಕ ಕೊಡುವ ಕೆಂಪು ಮಾತ್ರೆ ಒಂದರಲ್ಲಿ 60 ಮಿಲಿಗ್ರಾಂ ಇರುತ್ತದೆ. ಡಬ್ಬಿಗೆ 1200 ರೂಪಾಯಿ. ಮಾತ್ರೆಗೆ ದುಡ್ಡೇ ಇಲ್ಲ.

"ಆ ಮಾತ್ರೆ ನಮ್ಮನೇಲೂ ಅದೆ" ಎಂದರು ಅಕ್ಕ. ಎರಡನೇ ಬಾಣಂತನದಲ್ಲಿ ಕೊಟ್ಟದ್ದು. ಗೋಡೆಯ ಗೂಡಿನಲ್ಲಿ ಹಾಗೇ ಇತ್ತು. ತಂದು ತೋರಿಸಿದರು. ಹಾಳೆಯ ಮೇಲಿನ ತಿಂಗಳು, ವರ್ಷವನ್ನು ಆಕೆಯೇ ಬೆರಳಿಟ್ಟು ಓದಿದರು. ದಿನ ಮೀರಿಹೋಗಿತ್ತು.

ಯಾಕೆ ನುಂಗಲಿಲ್ಲ? "ಹೊಟ್ಟೆ ತೊಳೆಸ್ತಿತ್ತು. ಕಕ್ಕಸು ಕರ್ರಗೆ ಹೋಗ್ತಿತ್ತು. ಹೆದರಿಕೆ ಆಯ್ತು." ಯಾರೂ ಆಕೆಗೆ ಬಿಡಿಸಿ ಹೇಳಿರಲಿಲ್ಲ. ಬಿಟ್ಟಿ ಬಂದದ್ದಕ್ಕೆ ಬೆಲೆ ಇಲ್ಲ ಎಂಬ ಭಾವನೆಯೂ ಇತ್ತು. ನಾವೇನು ಕಡಿಮೆಯಲ್ಲ. ನಮ್ಮ ಮನೆಯಲ್ಲೂ ಹಿಂದೆ ಟಾನಿಕ್ ಬಾಟಲಿಗೆ ದುಡ್ಡು ಸುರಿದಿದ್ದೇವೆ.

ಮಾತ್ರೆ ನುಂಗಿದಾಗ ಕಕ್ಕಸು ಕಪ್ಪಾಗುವುದು ಸಹಜ. ಉಳಿದ ಕಬ್ಬಿಣ ಹೊರಗೆ ಹೋಗುವ ಬಣ್ಣ ಅದು. ಹೊಟ್ಟೆ ತೊಳೆಸಿದರೆ ರಾತ್ರಿ ಊಟ ಆದ ಮೇಲೆ ನುಂಗಿ ಮಲಗಿ. ಕಾಫಿ, ಟೀ ಜೊತೆ ಬೇಡ. ಅವು ಕಬ್ಬಿಣವನ್ನು ಮೈಗೆ ಸೇರಲು ಬಿಡುವುದಿಲ್ಲ. ಮಾತ್ರೆಗೆ ಮುಂಚೆ, ಆಮೇಲೆ ಒಂದೊಂದು ಗಂಟೆ ಟೀ ಬಿಡಿ. ನಿಂಬೆ ಹುಳಿ, ನೆಲ್ಲಿಕಾಯಿ ಒಳ್ಳೆಯದು. ಅವು ಕಬ್ಬಿಣ ಮೈಗೆ ಹತ್ತಲು ಸಹಾಯ ಮಾಡುತ್ತವೆ. ಬಸುರಿಯರಿಗೆ ಸುಣ್ಣದಂಶದ ಮಾತ್ರೆಯನ್ನೂ ಕೊಡುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಬೇಡಿ. ಬೇರೆ ಬೇರೆ ಹೊತ್ತಿನಲ್ಲಿ ತಗೊಳ್ಳಿ. ಬಸುರಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕೆಂಪು ಮಾತ್ರೆ, 180 ದಿನ. ಹೆರಿಗೆ ಆದ ಮೇಲೂ 180 ದಿನ. ರಕ್ತ ತೀರಾ ಕಡಿಮೆ ಇರುವವರಿಗೆ ಎಷ್ಟು ಎಂದು ಡಾಕ್ಟರು ಹೇಳಬೇಕು. ಮಾತ್ರೆ ಮಕ್ಕಳ ಕೈಗೆ ಸಿಗದಂತೆ ಮೇಲೆ ಇಡಿ. ಕೆಂಪಗಿದೆ ಎಂದು ಪೆಪ್ಪರಮೆಂಟಿನಂತೆ ತಿಂದರೆ ಮಗುವಿನ ಜೀವಕ್ಕೇ ಅಪಾಯ.

ಊಟದ ಮಾತು. ನಮ್ಮ ರಾಗಿ ದೊಡ್ಡದು, ನಿಜ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಮುದ್ದೆ ಒಂದರಿಂದಲೇ ರಕ್ತ ಆಗುವುದಿಲ್ಲ. ಮುದ್ದೆಗೆ ಬೆರಕೆ ಸೊಪ್ಪಿನ ಮಸ್ಸೊಪ್ಪು, ಕಾಳಿನ ಬಸ್ಸಾರು ಇರಲಿ. ಮೇಲೆ ನಿಂಬೆ ಹಿಂಡಿ. ತಿನ್ನುವವರು ಮೊಟ್ಟೆ, ಮಾಂಸ ತಿನ್ನಿ. 8.6 ಇದ್ದಾಗ ಸೊಪ್ಪಷ್ಟೇ ಸಾಲದು. ಮಾತ್ರೆಯೂ ಬೇಕು.

ಇನ್ನೊಬ್ಬ ತಾಯಿಯ ಚಿಂತೆ ಬೇರೆ. ಮಗ ಪೊಲೀಸ್ ಕೆಲಸಕ್ಕೆ ಸೇರಬೇಕೆಂದು ಬೆಳಗ್ಗೆ ಓಡುತ್ತಾನೆ. ಪ್ರೋಟೀನ್ ಪುಡಿಯ ಡಬ್ಬಿ ಬೇಕು, 3000 ರೂಪಾಯಿ ಕೊಡು ಎಂದು ಹಟ. ಅಂಥ ಪುಡಿಯ ಒಂದು ಅಳತೆಯಲ್ಲಿ ಹೆಚ್ಚುಕಡಿಮೆ 20ರಿಂದ 25 ಗ್ರಾಂ ಪ್ರೋಟೀನ್ ಇರುತ್ತದೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ. ಎತ್ತಿಗೆ, ಕುದುರೆಗೆ ಹುರುಳಿ ಹಾಕಿದವರು ನಾವು! ಜೊತೆಗೆ ಹಾಲು, ಮೊಟ್ಟೆ, ಕಡಲೆಕಾಯಿ ಕೊಟ್ಟರೆ ಓಡುವ ಹುಡುಗನಿಗೆ ಸಾಕು. ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯೂ 2024ರಲ್ಲಿ ಹೇಳಿದೆ. ಕಿಡ್ನಿ ತೊಂದರೆ ಇದ್ದವರಂತೂ ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು.

ನಮ್ಮ ಅಕ್ಕನಿಗೆ ಡಾಕ್ಟರು ಹೊಸ ಮಾತ್ರೆ ಕೊಟ್ಟರು. ಹುಳುವಿನ ಮಾತ್ರೆಯನ್ನೂ ನುಂಗಿಸಿದರು. ಆಕೆ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕಿದರು. ಮೂರು ದಿನ ಗೀಟಿಲ್ಲ. ಕೇಳಿದ್ದಕ್ಕೆ "ತವರಿಗೆ ಹೋಗಿದ್ದೆ, ಮರೆತೆ" ಎಂದರು. ಮೂರು ತಿಂಗಳ ಮೇಲೆ ಚೀಟಿಯಲ್ಲಿ 10.9 ಬಂತು. ಮೆಟ್ಟಿಲು ಹತ್ತಿದರೆ ಈಗ ಏದುಸಿರಿಲ್ಲ. ಆದರೆ ಇನ್ನೂ 12 ಆಗಿಲ್ಲ, ಮಾತ್ರೆ ನಿಲ್ಲಿಸುವ ಹಾಗಿಲ್ಲ. ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಹೋಗಬೇಕು. ಈ ಸಲ ಕೇಂದ್ರದ ಇನ್ನೂ ಆರು ಜನ ಜೊತೆಗೆ ಹೊರಟಿದ್ದಾರೆ.