ನಾಚಿಕೆ ಬಿಡಿ ಸ್ವಾಮಿ, ಡಾಕ್ಟರಿಗೆ ಹೇಳಿ!

2025ರ ಜನವರಿ 26. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿದವರು ನಮ್ಮ ನಾಗವಾರದ ಶಿವಣ್ಣ. ನಟ ಶಿವರಾಜ್‌ಕುಮಾರ್ ಅಮೆರಿಕದ ಮಯಾಮಿಯಲ್ಲಿ 2024ರ ಡಿಸೆಂಬರ್ 24ರಂದು ಆಪರೇಷನ್ ಮಾಡಿಸಿಕೊಂಡು ಮನೆಗೆ ಮರಳಿದ್ದರು. ಕ್ಯಾನ್ಸರ್ ತಗುಲಿದ್ದ ಮೂತ್ರಕೋಶವನ್ನು ತೆಗೆದು, ಅವರದೇ ಕರುಳಿನಿಂದ ಹೊಸದೊಂದನ್ನು ಮಾಡಿ ಜೋಡಿಸಿದ್ದರು ವೈದ್ಯರು. ಅದಕ್ಕೂ ಮುಂಚೆ, ಕಿಮೋಥೆರಪಿ ನಡೆಯುತ್ತಿದ್ದಾಗಲೇ, ‘45’ ಚಿತ್ರದ ಶೂಟಿಂಗ್ ಬೇರೆ!

ಹಾರ ತುರಾಯಿ ಹಾಗಿರಲಿ. ಈ ಅಂಕಣಕಾರನಿಗೆ ದೊಡ್ಡದೆನಿಸಿದ್ದು ಬೇರೆ. ಅಷ್ಟು ದೊಡ್ಡ ನಟ ತನ್ನ ಮೂತ್ರಕೋಶದ ಕಾಯಿಲೆಯ ಬಗ್ಗೆ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿದರು. ನಾವು ಹೇಳುತ್ತೇವೆಯೇ?

ಯಶವಂತಪುರದ ಮಂಡಿಯಲ್ಲೋ ಆರ್.ಟಿ. ನಗರದ ಅಂಗಡಿಯಲ್ಲೋ ಗಲ್ಲಾ ಮುಂದೆ ಕೂತ ಯಜಮಾನರನ್ನು ಕೇಳಿ ನೋಡಿ. ರಾತ್ರಿ ನಾಲ್ಕು ಸಲ ಎದ್ದರೂ ಹೆಂಡತಿಗೆ ಹೇಳೋದು, ‘ನೀರು ಜಾಸ್ತಿ ಕುಡಿದೆ ಕಣೆ’ ಅಂತ. ಯಲಹಂಕದ ಬಸ್ಸು ಹೆಬ್ಬಾಳದಲ್ಲಿ ಸಿಕ್ಕಿಕೊಂಡಾಗ ಚಡಪಡಿಸುವವರು ಇದ್ದಾರೆ. ಕೇಳಿದರೆ, ‘ವಯಸ್ಸಾಯ್ತು ಬಿಡಿ’.

ನೆಲ್ಲಿಕಾಯಿ ಗಾತ್ರದ ತಂಟೆ

ಮೂತ್ರಕೋಶದ ಕೆಳಗೆ ಗಂಡಸರಿಗೆ ಮಾತ್ರ ಇರುವ ಒಂದು ಗ್ರಂಥಿ ಉಂಟು, ಬೆಟ್ಟದ ನೆಲ್ಲಿಕಾಯಿಯಷ್ಟು. ಹೆಸರು ಪ್ರಾಸ್ಟೇಟ್. ಮೂತ್ರದ ನಾಳ ಅದರ ನಡುವೆಯೇ ಹಾದು ಹೋಗುತ್ತದೆ. ವಯಸ್ಸಾದಂತೆ ಗ್ರಂಥಿ ಊದುತ್ತದೆ, ನಾಳ ಹಿಸುಕುತ್ತದೆ. ಹೆಚ್ಚಿನವರಿಗೆ ಇದು ಬರೀ ಊತ, ಕ್ಯಾನ್ಸರ್ ಅಲ್ಲ. ಆದರೆ ಕೆಲವರಿಗೆ ಅಲ್ಲೇ ಕ್ಯಾನ್ಸರ್ ಕೂತಿರುತ್ತದೆ. ಆರಂಭದಲ್ಲಿ ಅದು ನೋವನ್ನೂ ಕೊಡದೆ ಇರಬಹುದು, ಅದೇ ಮೋಸ.

ಪತ್ತೆ ಹೇಗೆ? ಪಿಎಸ್‌ಎ ಎಂಬ ರಕ್ತಪರೀಕ್ಷೆ. ಅಂಕಿ 4 ದಾಟಿದರೆ ಡಾಕ್ಟರು ಹುಬ್ಬೇರಿಸುತ್ತಾರೆ. ಹಾಗಂತ ಎದೆ ಒಡೆದುಕೊಳ್ಳಬೇಡಿ, ಸೋಂಕಿಗೂ ಊತಕ್ಕೂ ಅಂಕಿ ಏರುತ್ತದೆ. ಬೆರಳಿನಿಂದ ಪರೀಕ್ಷೆ, ಸ್ಕ್ಯಾನ್, ಕೊನೆಗೆ ಚೂರು ತೆಗೆದು ನೋಡುವ ಬಯಾಪ್ಸಿ ಆದ ಮೇಲೇ ತೀರ್ಮಾನ. 50 ದಾಟಿದವರು ಈ ಬಗ್ಗೆ ಡಾಕ್ಟರನ್ನು ಕೇಳಬೇಕು. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ 45ಕ್ಕೇ.

ಕ್ಯಾನ್ಸರ್ ಅಂದ ತಕ್ಷಣ ಕತ್ತರಿ ಹಾಕುತ್ತಾರೆ ಅಂತಲೂ ಅಲ್ಲ. ನಿಧಾನವಾಗಿ ಬೆಳೆಯುವಂಥದ್ದಾದರೆ ಆಗಾಗ ಪರೀಕ್ಷಿಸುತ್ತ ಕಾಯುವುದೂ ಒಂದು ದಾರಿ. ಇಲ್ಲವೇ ಆಪರೇಷನ್, ಇಲ್ಲವೇ ವಿಕಿರಣ ಚಿಕಿತ್ಸೆ. ಹಾರ್ಮೋನನ್ನು ತಡೆಯುವ ಚಿಕಿತ್ಸೆಯೂ ಇದೆ. ಅದರ ದಾರಿ ತೋರಿದ ಚಾರ್ಲ್ಸ್ ಹಗಿನ್ಸ್‌ಗೆ 1966ರಲ್ಲೇ ನೊಬೆಲ್ ಬಂತು.

ಆಪರೇಷನ್ ಆದ ಮೇಲೆ?

ಇದನ್ನು ಯಾರೂ ಬಿಡಿಸಿ ಹೇಳೋದಿಲ್ಲ. ಒಂದೆರಡು ವಾರ ಮೂತ್ರದ ನಳಿಕೆ, ಚೀಲ. ಅದು ತೆಗೆದ ಮೇಲೆ ಕೆಮ್ಮಿದರೆ, ಮೂಟೆ ಎತ್ತಿದರೆ ಪಂಚೆ ಒದ್ದೆ. ಗಾಬರಿ ಬೇಡ. ಮೂತ್ರ ತಡೆದು ಹಿಡಿಯುವ ಸ್ನಾಯುಗಳನ್ನು ದಿನವೂ ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಡುತ್ತಾರೆ. ಹಲವರಿಗೆ ಕೆಲವು ತಿಂಗಳಲ್ಲಿ ಹಿಡಿತ ಬರುತ್ತದೆ. ದಾಂಪತ್ಯಸುಖಕ್ಕೂ ಅಡ್ಡಿಯಾಗಬಹುದು. ಈ ಮಾತನ್ನು ಆಪರೇಷನ್ನಿಗೆ ಮುಂಚೆಯೇ ಗಂಡಹೆಂಡಿರು ಒಟ್ಟಿಗೆ ಕೂತು ಡಾಕ್ಟರೊಡನೆ ಆಡಬೇಕು. ನಂತರ ವರ್ಷಗಟ್ಟಲೆ ಪಿಎಸ್‌ಎ ನೋಡಿಸುತ್ತಿರಬೇಕು.

ದುಡ್ಡು? ಹೊಸೂರು ರಸ್ತೆಯಲ್ಲಿ 1973ರಿಂದ ನಮ್ಮ ಕಿದ್ವಾಯಿ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವುಂಟು. ಎಲ್ಲರೂ ಮಯಾಮಿಗೆ ಹೋಗಬೇಕಿಲ್ಲ.

ಕೊನೆಗೆ ಎರಡು ಮಾತು. ಮೂತ್ರದಲ್ಲಿ ಒಂದೇ ಸಲ ರಕ್ತ ಕಂಡರೂ, ನೋವಿಲ್ಲದಿದ್ದರೂ, ಅಂದೇ ಹೊರಡಿ. ಬೀಡಿ ಸಿಗರೇಟು ಬಿಡಿ, ಮೂತ್ರಕೋಶದ ಕ್ಯಾನ್ಸರಿಗೆ ಅದೇ ದೊಡ್ಡ ಕಾರಣ.

ಅಂಗಡಿ ಬಾಗಿಲು ಒಂದು ದಿನ ಮುಚ್ಚಿದರೆ ಗಿರಾಕಿ ನಾಳೆ ಬರುತ್ತಾನೆ. ಯಜಮಾನನೇ ಹೋದರೆ?