ಮಧ್ಯಮ ಬೆಲೆಯ ಹ್ಯಾಚ್‌ಬ್ಯಾಕ್ ಕಾರಿನ ಖರೀದಿ: ನೋಂದಣಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಸ್ವಂತ ಉಪಯೋಗಕ್ಕಾಗಿ ಮೊದಲ ಬಾರಿಗೆ ಕಾರು ಕೊಳ್ಳುವ ಅನೇಕ ಕುಟುಂಬಗಳು ಹ್ಯಾಚ್‌ಬ್ಯಾಕ್ ಮಾದರಿಯನ್ನು ಆಯ್ಕೆ ಮಾಡಿಕೊಳ್ಳುತ್ತವೆ. ಕಾರು ನೋಂದಣಿಯಾಗಿ, ಜೀವಾವಧಿ ತೆರಿಗೆ ಪಾವತಿಯಾದ ನಂತರ ಅದು ಕಾನೂನಿನ ದೃಷ್ಟಿಯಲ್ಲಿ ಬಳಸಿದ ವಾಹನವಾಗುತ್ತದೆ. ಅನಂತರ ಆಯ್ಕೆಯನ್ನು ಬದಲಾಯಿಸಬೇಕಾದಲ್ಲಿ ನಷ್ಟವನ್ನು ಖರೀದಿದಾರರೇ ಭರಿಸಬೇಕಾಗುತ್ತದೆ. ಆದುದರಿಂದ ಮುಂಗಡ ಹಣ ನೀಡುವ ಮೊದಲೇ ವಾಹನವನ್ನು ಎಲ್ಲ ದೃಷ್ಟಿಯಿಂದಲೂ ಪರಿಶೀಲಿಸುವುದು ಸೂಕ್ತ. ಸಾರ್ವಜನಿಕರ ಅನುಕೂಲಕ್ಕಾಗಿ ಮುಖ್ಯ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಹ್ಯಾಚ್‌ಬ್ಯಾಕ್ ಕಾರುಗಳು ಮತ್ತು ತೆರಿಗೆ

ಈ ವರ್ಗದ ಬಹುತೇಕ ಕಾರುಗಳ ಉದ್ದ 4 ಮೀಟರ್‌ಗಿಂತ ಕಡಿಮೆ ಇರುತ್ತದೆ. ಇದಕ್ಕೆ ತೆರಿಗೆಯೇ ಮುಖ್ಯ ಕಾರಣ. 2006ರ ಕೇಂದ್ರ ಆಯವ್ಯಯದಲ್ಲಿ 4 ಮೀಟರ್ ಮೀರದ, 1200 ಸಿಸಿವರೆಗಿನ ಪೆಟ್ರೋಲ್ ಮತ್ತು 1500 ಸಿಸಿವರೆಗಿನ ಡೀಸೆಲ್ ಕಾರುಗಳ ಅಬಕಾರಿ ಸುಂಕವನ್ನು ಶೇಕಡ 24ರಿಂದ 16ಕ್ಕೆ ಇಳಿಸಲಾಯಿತು. ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ ಇದೇ ವರ್ಗೀಕರಣ ಮುಂದುವರಿದಿದ್ದು, 2025ರ ಸೆಪ್ಟೆಂಬರ್ 22ರಿಂದ ಈ ಕಾರುಗಳಿಗೆ ಶೇಕಡ 18ರ ದರ ಅನ್ವಯವಾಗಿರುತ್ತದೆ. ಈ ತೆರಿಗೆಯು ಷೋರೂಂ ಬೆಲೆಯಲ್ಲಿಯೇ ಸೇರಿರುತ್ತದೆ.

2. ಷೋರೂಂ ಬೆಲೆ ಮತ್ತು ಒಟ್ಟು ವೆಚ್ಚ

ಜಾಹೀರಾತಿನಲ್ಲಿ ಕಾಣುವ ಎಕ್ಸ್-ಷೋರೂಂ ಬೆಲೆಯ ಜೊತೆಗೆ ಜೀವಾವಧಿ ತೆರಿಗೆ, ಅದರ ಮೇಲಿನ ಸೆಸ್, ನೋಂದಣಿ ಶುಲ್ಕ ಹಾಗೂ ವಿಮಾ ಕಂತು ಸೇರಿದಾಗ ಮಾತ್ರ ವಾಸ್ತವ ಬೆಲೆ ತಿಳಿಯುತ್ತದೆ. ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮ, 1957ರ ಅಡಿಯಲ್ಲಿ ಹೊಸ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಬೆಲೆಯ ಹಂತಕ್ಕೆ ಅನುಗುಣವಾಗಿ ತೆರಿಗೆ ವಿಧಿಸಲಾಗುತ್ತದೆ. 5 ಲಕ್ಷ ರೂಪಾಯಿವರೆಗೆ ಶೇಕಡ 13, 5ರಿಂದ 10 ಲಕ್ಷದವರೆಗೆ ಶೇಕಡ 14, 10ರಿಂದ 20 ಲಕ್ಷದವರೆಗೆ ಶೇಕಡ 17ರ ದರವಿರುತ್ತದೆ. ದರಗಳು ಕಾಲಕಾಲದ ತಿದ್ದುಪಡಿಗೆ ಒಳಪಟ್ಟಿರುತ್ತವೆ.

ಹಂತದ ದರವು ಪೂರ್ಣ ಬೆಲೆಗೆ ಅನ್ವಯವಾಗುವುದನ್ನು ಖರೀದಿದಾರರು ಗಮನಿಸಬೇಕು. ಉದಾಹರಣೆಗೆ, 9,90,000 ರೂ. ಬೆಲೆಯ ಕಾರಿಗೆ ತೆರಿಗೆ 1,38,600 ರೂ. ಆದರೆ, 10,10,000 ರೂ. ಬೆಲೆಯ ಕಾರಿಗೆ 1,71,700 ರೂ. ಆಗುತ್ತದೆ. ಬೆಲೆಯಲ್ಲಿ 20,000 ರೂ. ವ್ಯತ್ಯಾಸವಿದ್ದರೆ ತೆರಿಗೆಯಲ್ಲಿ ಸೆಸ್ ಹೊರತುಪಡಿಸಿ 33,100 ರೂ. ವ್ಯತ್ಯಾಸ ಉಂಟಾಗುತ್ತದೆ. ಅಲಂಕಾರಿಕ ಸೌಲಭ್ಯಗಳಿಗಾಗಿ ಮೇಲಿನ ಶ್ರೇಣಿಯ ಕಾರನ್ನು ಆಯ್ಕೆ ಮಾಡುವ ಮುನ್ನ ಈ ಲೆಕ್ಕವನ್ನು ಮಾಡಿಕೊಳ್ಳುವುದು ಉತ್ತಮ.

ಮಾರಾಟಗಾರರಿಂದ ಪ್ರತಿಯೊಂದು ಮೊತ್ತದ ಬಾಬ್ತನ್ನು ಲಿಖಿತವಾಗಿ ಪಡೆಯಬೇಕು. ನಿರ್ವಹಣಾ ಶುಲ್ಕ ಎಂಬ ಹೆಸರಿನ ಯಾವುದೇ ಶುಲ್ಕವನ್ನು ನೋಂದಣಿ ನಿಯಮಗಳಲ್ಲಿ ನಿಗದಿಪಡಿಸಿರುವುದಿಲ್ಲ.

3. ವಿಮೆ

ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರುಗಳಿಗೆ ಮೂರು ವರ್ಷಗಳ ಮೂರನೇ ವ್ಯಕ್ತಿ ವಿಮೆ ಕಡ್ಡಾಯವಾಗಿರುತ್ತದೆ. ಮಾರಾಟಗಾರರು ಸೂಚಿಸುವ ಕಂಪನಿಯಿಂದಲೇ ವಿಮೆ ಪಡೆಯಬೇಕೆಂಬ ನಿಬಂಧನೆ ಇರುವುದಿಲ್ಲ. ಬೇರೆ ಕಂಪನಿಗಳ ದರಗಳನ್ನು ಹೋಲಿಸಿ ನೋಡಬಹುದು. ಸ್ವಂತ ಹಾನಿಯ ವಿಮೆಯಲ್ಲಿ ವಾಹನದ ಘೋಷಿತ ಮೌಲ್ಯವು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಸಾಮಾನ್ಯ ಪಟ್ಟಿಯಂತೆ ಆರು ತಿಂಗಳಿಂದ ಒಂದು ವರ್ಷದೊಳಗಿನ ವಾಹನಕ್ಕೆ ಶೇಕಡ 15, ನಾಲ್ಕರಿಂದ ಐದು ವರ್ಷದ ವಾಹನಕ್ಕೆ ಶೇಕಡ 50ರಷ್ಟು ಸವಕಳಿ ಕಳೆಯಲಾಗುತ್ತದೆ.

4. ಸುರಕ್ಷತೆ

ಚಕ್ರಗಳು ಸಿಲುಕದಂತೆ ತಡೆಯುವ ಎಬಿಎಸ್ ಬ್ರೇಕ್ ವ್ಯವಸ್ಥೆಯು 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಗಿದೆ. 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ವೇಗದ ಎಚ್ಚರಿಕೆ ಹಾಗೂ ಹಿಂಬದಿಯ ನಿಲುಗಡೆ ಸೆನ್ಸರ್‌ಗಳು ಕಡ್ಡಾಯವಾದವು. ಮುಂದಿನ ಸಹ ಪ್ರಯಾಣಿಕರ ಏರ್‌ಬ್ಯಾಗ್ 2021ರಲ್ಲಿ ಕಡ್ಡಾಯವಾಯಿತು. ಇವು ಕನಿಷ್ಠ ಅವಶ್ಯಕತೆಗಳು ಮಾತ್ರ.

2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಕಾರ್ಯಕ್ರಮದಲ್ಲಿ ಕಾರುಗಳಿಗೆ ಒಂದರಿಂದ ಐದು ನಕ್ಷತ್ರಗಳವರೆಗೆ ಶ್ರೇಣಿ ನೀಡಲಾಗುತ್ತದೆ. ಇದರಲ್ಲಿ ಮುಂಭಾಗದ ಡಿಕ್ಕಿ ಪರೀಕ್ಷೆಯನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ನಡೆಸಲಾಗುತ್ತದೆ. ಕಾರ್ಯಕ್ರಮವು ಐಚ್ಛಿಕವಾಗಿರುವುದರಿಂದ ಎಲ್ಲ ಮಾದರಿಗಳಿಗೂ ಶ್ರೇಣಿ ಇರುವುದಿಲ್ಲ. ಶ್ರೇಣಿಯು ಖರೀದಿಸಲಿರುವ ಆವೃತ್ತಿಗೆ ಸಂಬಂಧಿಸಿದೆಯೇ, ವಯಸ್ಕರಿಗೂ ಮಕ್ಕಳಿಗೂ ಪ್ರತ್ಯೇಕವಾಗಿ ಎಷ್ಟು ಅಂಕ ದೊರೆತಿದೆ ಎಂಬುದನ್ನು ಕೇಳಿ ತಿಳಿಯಬೇಕು. ಹಿಂದಿನ ಆಸನದ ಮಧ್ಯದಲ್ಲಿ ಕುಳಿತವರಿಗೂ ಪೂರ್ಣ ಸೀಟ್ ಬೆಲ್ಟ್ ಮತ್ತು ತಲೆಯ ಆಧಾರ ಇರುವುದೇ ಎಂದು ಕುಟುಂಬದವರೊಡನೆ ಕುಳಿತು ನೋಡುವುದು ಒಳ್ಳೆಯದು.

5. ಇಂಧನ ಮತ್ತು ದೈನಂದಿನ ಬಳಕೆ

ಕಂಪನಿಗಳು ಪ್ರಕಟಿಸುವ ಮೈಲೇಜ್ ಪ್ರಯೋಗಾಲಯದ ಪರೀಕ್ಷೆಯಲ್ಲಿ ದೊರೆತದ್ದಾಗಿದ್ದು, ನಗರದ ಸಂಚಾರದಲ್ಲಿ ಅದಕ್ಕಿಂತ ಕಡಿಮೆ ದೊರೆಯುತ್ತದೆ. ವರ್ಷಕ್ಕೆ 10,000 ಕಿ.ಮೀ. ಓಡಿಸುವವರಿಗೆ ಲೀಟರಿಗೆ 20 ಕಿ.ಮೀ. ಮತ್ತು 18 ಕಿ.ಮೀ. ನಡುವಿನ ವ್ಯತ್ಯಾಸ ಸುಮಾರು 56 ಲೀಟರ್ ಮಾತ್ರ. ಲೀಟರಿಗೆ 100 ರೂ. ಎಂದು ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 5,600 ರೂ. ಆಗುತ್ತದೆ. ಇಷ್ಟು ಉಳಿತಾಯಕ್ಕಾಗಿ ಸುರಕ್ಷತೆಯನ್ನು ಬಿಟ್ಟುಕೊಡುವುದು ಸರಿಯೇ ಎಂಬುದನ್ನು ಖರೀದಿದಾರರು ವಿವೇಚಿಸಬೇಕು. ಸಿ.ಎನ್.ಜಿ. ಕಾರಿನಲ್ಲಿ ಇಂಧನ ವೆಚ್ಚ ಕಡಿಮೆಯಾದರೂ ಸಿಲಿಂಡರಿನಿಂದಾಗಿ ಸಾಮಾನು ಇಡುವ ಸ್ಥಳ ಕುಗ್ಗುತ್ತದೆ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಳಪಡಿಸಬೇಕಾಗುತ್ತದೆ.

ಪರೀಕ್ಷಾರ್ಥ ಚಾಲನೆಯನ್ನು ಒಬ್ಬರೇ ಮಾಡದೆ, ನಿತ್ಯ ಪ್ರಯಾಣಿಸುವಷ್ಟು ಜನರನ್ನು ಕೂರಿಸಿಕೊಂಡು, ಏರು ರಸ್ತೆ ಹಾಗೂ ರಸ್ತೆ ಉಬ್ಬುಗಳಲ್ಲಿ ನಡೆಸುವುದರಿಂದ ಎಂಜಿನ್ನಿನ ಶಕ್ತಿ ಮತ್ತು ತಳಭಾಗದ ಎತ್ತರ ಸರಿಯಾಗಿ ತಿಳಿಯುತ್ತವೆ.

6. ದಾಖಲೆಗಳ ಪರಿಶೀಲನೆ

ನೋಂದಣಿಗೆ ನಮೂನೆ 20ರ ಅರ್ಜಿ, ನಮೂನೆ 21ರ ಮಾರಾಟ ಪ್ರಮಾಣಪತ್ರ, ನಮೂನೆ 22ರ ರಸ್ತೆ ಯೋಗ್ಯತಾ ಪ್ರಮಾಣಪತ್ರ, ವಿಮಾ ಪತ್ರ ಹಾಗೂ ವಿಳಾಸದ ದಾಖಲೆ ಅಗತ್ಯ. ಪ್ರಮಾಣಪತ್ರಗಳಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲಿನ ಸಂಖ್ಯೆಗಳೊಂದಿಗೆ ತಾಳೆ ನೋಡತಕ್ಕದ್ದು. ತಯಾರಿಕೆಯ ತಿಂಗಳು ಮತ್ತು ವರ್ಷವನ್ನೂ ಗಮನಿಸಬೇಕು. ಹಿಂದಿನ ವರ್ಷ ತಯಾರಾದ ಕಾರು ಹೊಸದೇ ಆಗಿದ್ದರೂ ಮರುಮಾರಾಟದ ಸಮಯದಲ್ಲಿ ಒಂದು ವರ್ಷ ಹಳೆಯದೆಂದು ಎಣಿಸಲ್ಪಡುತ್ತದೆ.

ನೋಂದಣಿ ಸಂಖ್ಯೆಯಿಲ್ಲದೆ ಹೊಸ ವಾಹನವನ್ನು ಖರೀದಿದಾರರಿಗೆ ಹಸ್ತಾಂತರಿಸುವಂತಿಲ್ಲ. 2019ರ ಏಪ್ರಿಲ್ 1ರ ನಂತರ ತಯಾರಾದ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕವನ್ನು ಮಾರಾಟಗಾರರೇ ಅಳವಡಿಸಿಕೊಡಬೇಕು. ಸಾಲ ಪಡೆದು ಕೊಂಡ ಕಾರಿನ ನೋಂದಣಿ ಪತ್ರದಲ್ಲಿ ಸಾಲದಾತರ ಹೆಸರು ನಮೂದಾಗಿರುತ್ತದೆ. ಸಾಲ ತೀರಿದ ನಂತರ ನಮೂನೆ 35ರಲ್ಲಿ ಅರ್ಜಿ ಸಲ್ಲಿಸಿ ಅದನ್ನು ತೆಗೆಸತಕ್ಕದ್ದು.

ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಈ ಅವಧಿಯ ವೆಚ್ಚ ಹಾಗೂ ಪ್ರಯಾಣಿಕರ ಸುರಕ್ಷತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರನ್ನು ಆಯ್ಕೆ ಮಾಡುವುದು ಹಿತಕರ. ಹೆಚ್ಚಿನ ವಿವರಗಳಿಗೆ ಆಯಾ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಬಹುದು.